ಗೆದ್ದ ಮತ, ಬಿದ್ದ ಸರ್ಕಾರ: 1940ರ ಮೇ ತಿಂಗಳ ಒಂದು ವಾರ

ಸಂಸದೀಯ ಪದ್ಧತಿಯಲ್ಲಿ ಸದನದ ಬಹುಮತ ಇರುವವರೆಗೆ ಸರ್ಕಾರ ಉಳಿಯುತ್ತದೆ, ಅದು ಕೈತಪ್ಪಿದ ದಿನ ಬೀಳುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಈ ತಿಳಿವಳಿಕೆ ಎಷ್ಟು ಅಪೂರ್ಣವಾದದ್ದು ಎಂಬುದನ್ನು ತೋರಿಸಿಕೊಡಲು ಬ್ರಿಟಿಷ್ ಸಂಸತ್ತಿನ ಇತಿಹಾಸದಲ್ಲಿ 1940ರ ಮೇ 7ರಿಂದ 13ರವರೆಗಿನ ಏಳು ದಿನಗಳಷ್ಟು ಸ್ಪಷ್ಟವಾದ ಇನ್ನೊಂದು ನಿದರ್ಶನ ಸಿಗುವುದು ಕಷ್ಟ. ಆ ವಾರದ ಬುಧವಾರ ರಾತ್ರಿ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನಲ್ಲಿ ನಡೆದ ಮತ ಎಣಿಕೆಯಲ್ಲಿ ಪ್ರಧಾನಿ ನೆವಿಲ್ ಚೇಂಬರ್ಲೇನ್ ಅವರ ಸರ್ಕಾರದ ಪರವಾಗಿ 281, ವಿರುದ್ಧವಾಗಿ 200 ಮತಗಳು ಬಿದ್ದವು; ಲೆಕ್ಕದ ಪ್ರಕಾರ ಸರ್ಕಾರ 81 ಮತಗಳ ಅಂತರದಿಂದ ಗೆದ್ದಿತ್ತು, ಆದರೆ ಶುಕ್ರವಾರ ಸಂಜೆಯ ಹೊತ್ತಿಗೆ ಚೇಂಬರ್ಲೇನ್ ಅರಮನೆಗೆ ಹೋಗಿ ರಾಜೀನಾಮೆ ಸಲ್ಲಿಸಿದ್ದರು ಮತ್ತು ಅವರ ಸ್ಥಾನಕ್ಕೆ ವಿನ್‌ಸ್ಟನ್ ಚರ್ಚಿಲ್ ಬಂದಿದ್ದರು. ಗೆದ್ದವರು ಹೋಗಬೇಕಾಗಿ ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದೆಂದರೆ, ಶಾಸನಸಭೆಯೊಂದರಲ್ಲಿ ಮಾತು, ಮತ ಮತ್ತು ತೆರೆಮರೆಯ ಒತ್ತಡಗಳು ಒಂದನ್ನೊಂದು ಹೇಗೆ ನೂಕುತ್ತವೆ ಎಂಬುದನ್ನು ಹತ್ತಿರದಿಂದ ನೋಡುವುದೇ ಆಗಿದೆ.

ಚೇಂಬರ್ಲೇನ್ 1937ರ ಮೇ ತಿಂಗಳಲ್ಲಿ ಪ್ರಧಾನಿಯಾದಾಗ ಅವರ ಹಿಂದೆ ಇದ್ದದ್ದು ಅಲುಗಾಡದ ಬಹುಮತ. 1931ರ ಆರ್ಥಿಕ ಬಿಕ್ಕಟ್ಟಿನ ಕಾಲದಲ್ಲಿ ಹಲವು ಪಕ್ಷಗಳವರು ಸೇರಿ ಕಟ್ಟಿದ ‘ರಾಷ್ಟ್ರೀಯ ಸರ್ಕಾರ’ ಹೆಸರಿಗೆ ಒಕ್ಕೂಟವಾಗಿದ್ದರೂ ವಾಸ್ತವದಲ್ಲಿ ಕನ್ಸರ್ವೇಟಿವ್ ಪಕ್ಷದ ಸರ್ಕಾರವೇ ಆಗಿತ್ತು, ಮತ್ತು 1935ರ ಚುನಾವಣೆಯಲ್ಲಿ 615 ಸದಸ್ಯರ ಸದನದಲ್ಲಿ ಅದಕ್ಕೆ ವಿರೋಧಿಗಳಿಗಿಂತ 200ಕ್ಕೂ ಹೆಚ್ಚು ಸ್ಥಾನಗಳ ಮುನ್ನಡೆ ಸಿಕ್ಕಿತ್ತು. ಯುದ್ಧ ಆರಂಭವಾದ ಕಾರಣ ಚುನಾವಣೆಯನ್ನು ಮುಂದೂಡಲಾಗಿ, ಅದೇ ಸದನ 1945ರವರೆಗೂ ಮುಂದುವರಿಯಿತು. ಆದುದರಿಂದ ಜನರ ಬಳಿಗೆ ಹೋಗದೆಯೇ ಸರ್ಕಾರವನ್ನು ಬದಲಾಯಿಸಬೇಕಾದರೆ ಅದು ಆ ಸದನದ ಒಳಗಿನಿಂದಲೇ ಆಗಬೇಕಿತ್ತು. ಈ ಬಹುಮತವನ್ನು ಕಾಯುತ್ತಿದ್ದವರು ಮುಖ್ಯ ಸಚೇತಕ ಡೇವಿಡ್ ಮಾರ್ಗೆಸನ್. ಸಚೇತಕ ಎಂದರೆ ತನ್ನ ಪಕ್ಷದ ಸದಸ್ಯರು ಮತದಾನದ ವೇಳೆಗೆ ಸದನದಲ್ಲಿ ಇರುವಂತೆ ಮತ್ತು ಪಕ್ಷ ಹೇಳಿದ ಕಡೆಗೇ ಮತ ಹಾಕುವಂತೆ ನೋಡಿಕೊಳ್ಳುವ ಹೊಣೆ ಹೊತ್ತವನು. ಮಾರ್ಗೆಸನ್ ಈ ಕೆಲಸವನ್ನು ಸೈನ್ಯದ ಶಿಸ್ತಿನಿಂದ ಮಾಡುತ್ತಿದ್ದರು. ಪಕ್ಷದ ಮಾತು ಮೀರಿದವರಿಗೆ ಕ್ಷೇತ್ರದಲ್ಲಿ ಏನು ಕಾದಿರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು: 1938ರ ಮ್ಯೂನಿಕ್ ಒಪ್ಪಂದವನ್ನು, ಅಂದರೆ ಹಿಟ್ಲರ್‌ಗೆ ಜೆಕೊಸ್ಲೊವಾಕಿಯಾದ ಒಂದು ಭಾಗವನ್ನು ಬಿಟ್ಟುಕೊಟ್ಟು ಶಾಂತಿ ಕೊಳ್ಳುವ ಚೇಂಬರ್ಲೇನ್ ಅವರ ನೀತಿಯನ್ನು, ಬಹಿರಂಗವಾಗಿ ವಿರೋಧಿಸಿದ ಕನ್ಸರ್ವೇಟಿವ್ ಸದಸ್ಯೆ ಡಚೆಸ್ ಆಫ್ ಅಥಾಲ್ ತಮ್ಮ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಅದೇ ವರ್ಷದ ಡಿಸೆಂಬರ್‌ನಲ್ಲಿ ಉಪಚುನಾವಣೆ ಎದುರಿಸಿದಾಗ, ಅವರ ಪಕ್ಷವೇ ಅವರೆದುರು ಅಭ್ಯರ್ಥಿಯನ್ನು ನಿಲ್ಲಿಸಿ ಅವರನ್ನು ಸೋಲಿಸಿತ್ತು.

ಇಂಥ ಭದ್ರ ಕೋಟೆಯಲ್ಲಿ ಬಿರುಕು ಬಿಟ್ಟದ್ದು ನಾರ್ವೆಯ ವಿಷಯದಲ್ಲಿ. ಜರ್ಮನಿಯ ಉಕ್ಕಿನ ಕಾರ್ಖಾನೆಗಳಿಗೆ ಬೇಕಾದ ಕಬ್ಬಿಣದ ಅದಿರು ಸ್ವೀಡನ್‌ನ ಉತ್ತರ ಭಾಗದಿಂದ ಬರುತ್ತಿತ್ತು. ಚಳಿಗಾಲದಲ್ಲಿ ಬಾಲ್ಟಿಕ್ ಕಡೆಯ ಬಂದರುಗಳು ಹೆಪ್ಪುಗಟ್ಟುತ್ತಿದ್ದುದರಿಂದ ಆ ಅದಿರನ್ನು ರೈಲಿನಲ್ಲಿ ನಾರ್ವೆಯ ನಾರ್ವಿಕ್ ಬಂದರಿಗೆ ತಂದು ಅಲ್ಲಿಂದ ಹಡಗಿನಲ್ಲಿ ಸಾಗಿಸಲಾಗುತ್ತಿತ್ತು. ಈ ದಾರಿಯನ್ನು ಕಡಿಯಲೆಂದು ಬ್ರಿಟನ್ ಏಪ್ರಿಲ್ 8ರಂದು ನಾರ್ವೆಯ ಕರಾವಳಿಯ ನೀರಿನಲ್ಲಿ ಸಿಡಿಮದ್ದುಗಳನ್ನು ಹಾಸಿತು, ಆದರೆ ಮರುದಿನ ಮುಗಿಯುವಷ್ಟರಲ್ಲಿ ಜರ್ಮನ್ ಪಡೆಗಳು ಓಸ್ಲೊದಿಂದ ನಾರ್ವಿಕ್‌ವರೆಗಿನ ಬಂದರುಗಳಲ್ಲಿ ಇಳಿದಿದ್ದವು ಮತ್ತು ಡೆನ್ಮಾರ್ಕ್ ಶರಣಾಗಿತ್ತು. ನಾರ್ವಿಕ್ ಬಳಿ ಬ್ರಿಟಿಷ್ ನೌಕಾದಳ ಜರ್ಮನಿಯ ಹತ್ತು ಸಮರ ನೌಕೆಗಳನ್ನು ನಾಶಮಾಡಿದ್ದು ನಿಜವಾದರೂ, ನಡುನಾರ್ವೆಯ ಟ್ರೋನ್‌ಹೈಮ್ ನಗರವನ್ನು ಮರಳಿ ಪಡೆಯಲು ಉತ್ತರದ ನಾಮ್ಸೋಸ್ ಮತ್ತು ದಕ್ಷಿಣದ ಆಂಡಾಲ್ಸ್‌ನೆಸ್ ಎಂಬ ಎರಡು ಕಡೆಗಳಿಂದ ಕಳುಹಿಸಿದ ಭೂಸೇನೆಗೆ ಸಾಕಷ್ಟು ತರಬೇತಿ ಇರಲಿಲ್ಲ, ಹಿಮದಲ್ಲಿ ನಡೆಯುವ ಸಲಕರಣೆ ಇರಲಿಲ್ಲ, ಮೇಲಿಂದ ಬೀಳುವ ಬಾಂಬುಗಳಿಗೆ ಎದುರಾಗಿ ವಿಮಾನಗಳ ರಕ್ಷಣೆಯಂತೂ ಇರಲೇ ಇಲ್ಲ. ಮೇ 3ರ ಹೊತ್ತಿಗೆ ಆ ಎರಡೂ ತುಕಡಿಗಳನ್ನು ಹಡಗು ಹತ್ತಿಸಿ ವಾಪಸ್ ಕರೆಸಿಕೊಳ್ಳಲಾಯಿತು. ದಾಳಿಗೆ ಐದು ದಿನ ಮೊದಲು, ಏಪ್ರಿಲ್ 4ರಂದು, ತಮ್ಮ ಪಕ್ಷದ ಸಭೆಯೊಂದರಲ್ಲಿ ಹಿಟ್ಲರ್ ಬಸ್ಸು ತಪ್ಪಿಸಿಕೊಂಡಿದ್ದಾನೆ ಎಂದು ಚೇಂಬರ್ಲೇನ್ ಹೇಳಿದ್ದರು. ಆ ಮಾತು ಅವರನ್ನು ಸದನದವರೆಗೂ ಬೆನ್ನಟ್ಟಿ ಬಂತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ನಾರ್ವೆಯ ಕಾರ್ಯಾಚರಣೆಯಲ್ಲಿ ನೌಕಾದಳದ ಪಾತ್ರವೇ ಪ್ರಧಾನವಾಗಿತ್ತು ಮತ್ತು ನೌಕಾ ಖಾತೆಯ ಸಚಿವರಾಗಿದ್ದವರು ಚರ್ಚಿಲ್. ಅವಸರದ, ಮತ್ತೆ ಮತ್ತೆ ಬದಲಾದ ತೀರ್ಮಾನಗಳಲ್ಲಿ ಅವರ ಪಾಲು ಪ್ರಧಾನಿಯ ಪಾಲಿಗಿಂತ ಕಡಿಮೆಯದೇನೂ ಆಗಿರಲಿಲ್ಲ. ಆದರೂ ಸದನ ಹೊಣೆಗಾರರನ್ನು ಹುಡುಕಿದಾಗ ಅದರ ಕಣ್ಣು ಹೋದದ್ದು ಚೇಂಬರ್ಲೇನ್ ಕಡೆಗೆ. ಇದನ್ನು ಅನ್ಯಾಯ ಎನ್ನಬಹುದು. ಆದರೆ ಸದಸ್ಯರು ವಿಚಾರಣೆಗೆ ತೆಗೆದುಕೊಂಡದ್ದು ಒಂದು ಸೋತ ಕಾರ್ಯಾಚರಣೆಯನ್ನಲ್ಲ, ಮೂರು ವರ್ಷಗಳ ನೀತಿಯನ್ನು: ಹಿಟ್ಲರ್ ಜೊತೆಗಿನ ಒಪ್ಪಂದಗಳು, ಶಸ್ತ್ರಾಸ್ತ್ರ ತಯಾರಿಕೆಯ ಮಂದಗತಿ, ಯುದ್ಧ ಶುರುವಾಗಿ ಎಂಟು ತಿಂಗಳಾದರೂ ಶಾಂತಿಕಾಲದ ನಡಿಗೆಯನ್ನು ಬಿಡದ ಆಡಳಿತ. ನಾರ್ವೆಯ ಸೋಲು ಆ ಅಸಮಾಧಾನಕ್ಕೆ ಹೊರಬರುವ ಬಾಗಿಲಾಯಿತು, ಅಷ್ಟೆ.

ಆ ಬಾಗಿಲ ಹಿಂದೆ ತಯಾರಿ ಸದ್ದಿಲ್ಲದೆ ನಡೆದಿತ್ತು. ಮೇಲ್ಮನೆಯ ಹಿರಿಯ ಸದಸ್ಯ ಲಾರ್ಡ್ ಸಾಲ್ಸ್‌ಬರಿ ಏಪ್ರಿಲ್‌ನಲ್ಲಿ ಕಟ್ಟಿದ ‘ಕಾವಲು ಸಮಿತಿ’ಯಲ್ಲಿ ಪಕ್ಷನಿಷ್ಠರೆಂದೇ ಹೆಸರಾದ ಕನ್ಸರ್ವೇಟಿವ್ ಪ್ರಮುಖರಿದ್ದರು; ಮಾಜಿ ಸಚಿವ ಲಿಯೊ ಏಮರಿ ಅವರ ಸುತ್ತ ಮ್ಯೂನಿಕ್ ವಿರೋಧಿಗಳ ಗುಂಪೊಂದು ಸೇರುತ್ತಿತ್ತು; ಲಿಬರಲ್ ಮೂಲದ ಕ್ಲೆಮೆಂಟ್ ಡೇವಿಸ್ ಎಲ್ಲ ಪಕ್ಷಗಳ ಅತೃಪ್ತರ ನಡುವೆ ಸುದ್ದಿ ಒಯ್ಯುವ, ಒಬ್ಬರನ್ನೊಬ್ಬರಿಗೆ ಭೇಟಿ ಮಾಡಿಸುವ ಕೆಲಸ ಮಾಡುತ್ತಿದ್ದರು. ಇಷ್ಟಾದರೂ ಮೇ 7ರ ಬೆಳಗ್ಗೆ ಸರ್ಕಾರ ಬೀಳುತ್ತದೆಂದು ಇವರಲ್ಲಿ ಯಾರೂ ನಂಬಿರಲಿಲ್ಲ. ಸದನದ ಮುಂದಿದ್ದ ಸೂಚನೆಯೂ ನಿರುಪದ್ರವಿಯಾದದ್ದೇ: ಸದನವನ್ನು ಈಗ ಮುಂದೂಡಬೇಕು ಎಂಬುದು ಅದರ ಒಕ್ಕಣೆ. ನಮ್ಮಲ್ಲಿ ನಿಲುವಳಿ ಸೂಚನೆ ಎಂದರೆ ವಿರೋಧ ಪಕ್ಷಗಳು ಸರ್ಕಾರದ ಮೇಲೆ ಎತ್ತುವ ಆಯುಧ. ಆ ದಿನದ ಸೂಚನೆಯನ್ನಾದರೋ ಸರ್ಕಾರದ ಕಡೆಯಿಂದಲೇ, ವಿಷಯವೊಂದರ ಬಗ್ಗೆ ನಿರ್ಣಯವಿಲ್ಲದೆ ಚರ್ಚೆಗೆ ಅವಕಾಶ ಕೊಡುವ ತಾಂತ್ರಿಕ ಸಾಧನವಾಗಿ ಮಂಡಿಸಲಾಗಿತ್ತು. ಅದರಲ್ಲಿ ನಾರ್ವೆಯ ಹೆಸರಾಗಲಿ ವಿಶ್ವಾಸದ ಪ್ರಸ್ತಾಪವಾಗಲಿ ಇರಲಿಲ್ಲ. ಮತಕ್ಕೆ ಹಾಕದೆಯೇ ಚರ್ಚೆ ಮುಗಿಯುವುದು ರೂಢಿಯಾಗಿತ್ತು.

ಮಂಗಳವಾರ ಮಧ್ಯಾಹ್ನ ಚೇಂಬರ್ಲೇನ್ ಸದನಕ್ಕೆ ಬರುತ್ತಿದ್ದಂತೆಯೇ ಎದುರಿನ ಸಾಲುಗಳಿಂದ ಬಸ್ಸು ತಪ್ಪಿಹೋಯಿತು ಎಂಬ ಕೂಗು ಎದ್ದಿತು. ಅವರ ಭಾಷಣ ದಣಿದ ಮನುಷ್ಯನ ಸಮರ್ಥನೆಯಂತಿತ್ತು. ಲೇಬರ್ ಪಕ್ಷದ ನಾಯಕ ಕ್ಲೆಮೆಂಟ್ ಅಟ್ಲಿ ಮತ್ತು ಲಿಬರಲ್ ನಾಯಕ ಆರ್ಚಿಬಾಲ್ಡ್ ಸಿಂಕ್ಲೇರ್ ಅವರ ಉತ್ತರಗಳು ನಿರೀಕ್ಷೆಯಂತೆಯೇ ಇದ್ದವು. ಸದನದ ಹವೆ ಬದಲಾದದ್ದು ಪೋರ್ಟ್ಸ್‌ಮತ್‌ನ ಸದಸ್ಯ ಸರ್ ರೋಜರ್ ಕೀಸ್ ಎದ್ದು ನಿಂತಾಗ. ಕೀಸ್ ನೌಕಾದಳದ ಅತ್ಯುನ್ನತ ದರ್ಜೆಯ ಅಡ್ಮಿರಲ್, ಮೊದಲ ಮಹಾಯುದ್ಧದಲ್ಲಿ ಝೇಬ್ರುಗ ಬಂದರಿನ ಮೇಲೆ ದಾಳಿ ನಡೆಸಿ ಹೆಸರಾದವರು, ಕನ್ಸರ್ವೇಟಿವ್ ಪಕ್ಷದವರು. ಅವರು ಅಂದು ಪದಕಗಳ ಸಾಲುಗಳನ್ನು ತೊಟ್ಟ ಪೂರ್ಣ ಸಮವಸ್ತ್ರದಲ್ಲಿ ಬಂದಿದ್ದರು, ಮತ್ತು ತಾವು ಸಮುದ್ರದಲ್ಲಿರುವ ನೌಕಾದಳದ ಪರವಾಗಿ ಮಾತಾಡಲು ಹೀಗೆ ಬಂದಿರುವುದಾಗಿ ಹೇಳಿದರು. ಅವರು ಒಳ್ಳೆಯ ಭಾಷಣಕಾರರಲ್ಲ. ಆದರೆ ಟ್ರೋನ್‌ಹೈಮ್ ಮೇಲೆ ನೌಕಾದಾಳಿ ಸಾಧ್ಯವಿತ್ತು, ಅದನ್ನು ಮಾಡಲು ಧೈರ್ಯ ಸಾಲಲಿಲ್ಲ ಎಂದು ಯುದ್ಧ ಬಲ್ಲ ವ್ಯಕ್ತಿಯೊಬ್ಬ ತನ್ನದೇ ಸರ್ಕಾರದ ಮುಖಕ್ಕೆ ಹೇಳಿದಾಗ ಸದನ ಉಸಿರು ಬಿಗಿಹಿಡಿದು ಕೇಳಿತು, ಏಕೆಂದರೆ ಅದನ್ನು ವಿರೋಧ ಪಕ್ಷದ ಎಂದಿನ ಟೀಕೆಯೆಂದು ತಳ್ಳಿಹಾಕುವಂತಿರಲಿಲ್ಲ.

ಲಿಯೊ ಏಮರಿಯವರಿಗೆ ಮಾತಿನ ಸರದಿ ಬಂದದ್ದು ರಾತ್ರಿ ಎಂಟರ ಸುಮಾರಿಗೆ, ಊಟದ ಹೊತ್ತಿನಲ್ಲಿ, ಸಾಲುಗಳೆಲ್ಲ ಬರಿದಾಗಿದ್ದಾಗ. ಆಗ ಕ್ಲೆಮೆಂಟ್ ಡೇವಿಸ್ ಹೊರಗೆ ಹೋಗಿ ಸದಸ್ಯರನ್ನು ಹುಡುಕಿ ಒಳಗೆ ಕಳುಹಿಸತೊಡಗಿದರು. ಏಮರಿ ಅದುವರೆಗೆ ಉದ್ದುದ್ದ ಭಾಷಣ ಮಾಡಿ ಬೇಸರ ತರಿಸುವವರೆಂದು ಹೆಸರಾಗಿದ್ದರು. ಇನ್ನೊಂದು ಕಡೆ, ಚೇಂಬರ್ಲೇನ್ ಮನೆತನದ ನೆಲೆಯಾದ ಬರ್ಮಿಂಗ್‌ಹ್ಯಾಮ್‌ನಿಂದಲೇ ಆರಿಸಿಬಂದವರು, ನೆವಿಲ್ ಅವರ ತಂದೆ ಜೋಸೆಫ್ ಚೇಂಬರ್ಲೇನ್ ಅವರ ನಿಷ್ಠಾವಂತ ಅನುಯಾಯಿ. ಅವರು ಮೊದಲು ಸರ್ಕಾರದ ಯುದ್ಧನಿರ್ವಹಣೆಯನ್ನು ಒಂದೊಂದಾಗಿ ವಿಮರ್ಶಿಸಿದರು, ಶಾಂತಿಕಾಲದ ರಾಜಕಾರಣಕ್ಕೆ ಒಗ್ಗಿದ ಮುಖಂಡರು ಯುದ್ಧಕ್ಕೆ ಒದಗುವವರಲ್ಲ ಎಂದು ವಾದಿಸಿದರು, ಸದನ ತುಂಬುತ್ತ ಬಂದಂತೆ ಅದರ ಒಲವನ್ನು ಅಳೆದರು. 1653ರಲ್ಲಿ ಆಲಿವರ್ ಕ್ರಾಮ್‌ವೆಲ್ ತನ್ನ ಕಾಲದ ಸಂಸತ್ತನ್ನು ವಿಸರ್ಜಿಸುವಾಗ ಆಡಿದ್ದನೆಂದು ಹೇಳಲಾಗುವ ಮಾತನ್ನು ಅವರು ಸಿದ್ಧವಾಗಿಟ್ಟುಕೊಂಡೇ ಬಂದಿದ್ದರು, ಆದರೆ ಅದನ್ನು ಆಡಬೇಕೋ ಬೇಡವೋ ಎಂಬುದನ್ನು ಸದನದ ಮುಖ ನೋಡಿ ನಿರ್ಧರಿಸುವುದೆಂದು ಬಿಟ್ಟಿದ್ದರು. ಕೊನೆಗೆ ಅವರು ಅದನ್ನು ಆಡಿಯೇಬಿಟ್ಟರು: ನೀವು ಮಾಡಿದ ಒಳಿತಿಗೆ ಹೋಲಿಸಿದರೆ ಇಲ್ಲಿ ಕುಳಿತಿದ್ದು ಅತಿಯಾಯಿತು, ದೇವರ ಹೆಸರಿನಲ್ಲಿ ಹೇಳುತ್ತೇನೆ, ಹೊರಡಿ ಎಂಬುದು ಅದರ ಸಾರ. ಆ ಮಾತನ್ನು ವಿರೋಧ ಪಕ್ಷದವರು ಆಡಿದ್ದರೆ ಆಡಳಿತ ಪಕ್ಷ ಒಗ್ಗಟ್ಟಾಗಿ ಸಿಡಿದೇಳುತ್ತಿತ್ತು. ಹಳೆಯ ಒಡನಾಡಿಯ ಬಾಯಿಂದ ಬಂದದ್ದರಿಂದ ಅದು ಅಲ್ಲಿಯವರೆಗೆ ಮನಸ್ಸಿನೊಳಗೇ ಅನುಮಾನಿಸುತ್ತಿದ್ದ ಹಲವು ಕನ್ಸರ್ವೇಟಿವ್ ಸದಸ್ಯರಿಗೆ ಬಾಯಿ ಕೊಟ್ಟಿತು.

ಮರುದಿನ ಬೆಳಗ್ಗೆ ಲೇಬರ್ ಪಕ್ಷದ ಸಂಸದರು ಸಭೆ ಸೇರಿ ಚರ್ಚಿಸಿದ ಪ್ರಶ್ನೆ ಸರಳವಾದದ್ದಾಗಿರಲಿಲ್ಲ. ಮತಕ್ಕೆ ಒತ್ತಾಯಿಸಿದರೆ ಮಾರ್ಗೆಸನ್ ಅವರ ಶಿಸ್ತು ಕನ್ಸರ್ವೇಟಿವ್ ಅತೃಪ್ತರನ್ನೆಲ್ಲ ಮತ್ತೆ ದೊಡ್ಡಿಗೆ ಅಟ್ಟಬಹುದು, ಸರ್ಕಾರ ದೊಡ್ಡ ಅಂತರದಿಂದ ಗೆದ್ದು ಇನ್ನಷ್ಟು ಗಟ್ಟಿಯಾಗಬಹುದು ಎಂದು ಹ್ಯೂ ಡಾಲ್ಟನ್ ಅವರಂಥ ಅನುಭವಿಗಳೂ ಹೆದರಿದರು. ಅಟ್ಲಿ ಮತದ ಪರವಾಗಿ ನಿಂತರು. ಹಿಂದಿನ ರಾತ್ರಿ ಏಮರಿಯವರ ಮಾತಿಗೆ ಬಂದ ಸ್ಪಂದನೆ ಅವರ ಕಡೆಗೆ ತಕ್ಕಡಿಯನ್ನು ತಗ್ಗಿಸಿತು. ಮಧ್ಯಾಹ್ನ ಹರ್ಬರ್ಟ್ ಮಾರಿಸನ್ ಎದ್ದು, ತಮ್ಮ ಪಕ್ಷ ಮತವಿಭಜನೆ ಕೇಳಲಿದೆ ಎಂದು ಪ್ರಕಟಿಸಿ, ಚೇಂಬರ್ಲೇನ್ ಜೊತೆಗೆ ಹಣಕಾಸು ಸಚಿವ ಜಾನ್ ಸೈಮನ್ ಮತ್ತು ವಾಯುಪಡೆಯ ಸಚಿವ ಸಾಮ್ಯುಯಲ್ ಹೋರ್ ಅವರೂ ಹೋಗಬೇಕೆಂದು ಹೆಸರಿಸಿದರು. ತಾಂತ್ರಿಕ ಸೂಚನೆಯೊಂದು ಆ ಕ್ಷಣದಲ್ಲಿ ಅವಿಶ್ವಾಸ ನಿರ್ಣಯವಾಯಿತು, ಅದರ ಒಂದಕ್ಷರವೂ ಬದಲಾಗದೆ.

ಆಗ ಚೇಂಬರ್ಲೇನ್ ಥಟ್ಟನೆ ಎದ್ದು ಕೊಟ್ಟ ಉತ್ತರವೇ ಅವರನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತೆಂದು ಹೇಳಬೇಕು. ಸವಾಲನ್ನು ಸ್ವೀಕರಿಸುತ್ತೇನೆ, ಈ ಸದನದಲ್ಲಿ ನನಗೆ ಸ್ನೇಹಿತರಿದ್ದಾರೆ, ಅವರು ಇಂದು ರಾತ್ರಿ ನನ್ನ ಬೆಂಬಲಕ್ಕೆ ಬರಬೇಕೆಂದು ಕರೆಯುತ್ತೇನೆ ಎಂಬರ್ಥದ ಮಾತನ್ನು ಅವರು ಆಡಿದರು. ಸಂಸತ್ತಿನ ಪರಿಭಾಷೆಯಲ್ಲಿ ಸ್ನೇಹಿತ ಎಂದರೆ ಒಂದೇ ಪಕ್ಷದವನು ಎಂದಷ್ಟೇ ಅರ್ಥ, ಆದ್ದರಿಂದ ಆ ಮಾತಿನಲ್ಲಿ ಅಹಂಕಾರವಿತ್ತೆನ್ನುವುದು ಕಠೋರವಾದ ತೀರ್ಪು. ಆದರೆ ಗಡಿಯಲ್ಲಿ ಮಕ್ಕಳು ಸಾಯುತ್ತಿರುವಾಗ ದೇಶದ ಉಳಿವಿನ ಪ್ರಶ್ನೆಯನ್ನು ಪ್ರಧಾನಿ ತನ್ನ ವೈಯಕ್ತಿಕ ನಂಟಿನ ಪ್ರಶ್ನೆಯನ್ನಾಗಿ ಮಾಡಿದರು ಎಂದೇ ಸದನ ಅದನ್ನು ಗ್ರಹಿಸಿತು. ಈ ಎಡವಟ್ಟನ್ನು ಎತ್ತಿಕೊಂಡವರು 77 ವರ್ಷದ ಡೇವಿಡ್ ಲಾಯ್ಡ್ ಜಾರ್ಜ್, 1890ರಿಂದ ಸದನದಲ್ಲಿದ್ದವರು, 1916ರ ಡಿಸೆಂಬರ್‌ನಲ್ಲಿ ಇಂಥದ್ದೇ ಯುದ್ಧಕಾಲದ ಬಿಕ್ಕಟ್ಟಿನಲ್ಲಿ ಆಸ್ಕ್ವಿತ್ ಅವರನ್ನು ಸರಿಸಿ ಪ್ರಧಾನಿಯಾಗಿದ್ದವರು. ಪ್ರಧಾನಿಯ ಸ್ನೇಹಿತರು ಯಾರೆಂಬುದು ಇಲ್ಲಿನ ಪ್ರಶ್ನೆಯಲ್ಲ, ಅದಕ್ಕಿಂತ ಬಹಳ ದೊಡ್ಡದು ಇಲ್ಲಿದೆ ಎಂದ ಅವರು, ಜನರಿಂದ ತ್ಯಾಗ ಕೇಳುವ ಪ್ರಧಾನಿ ಮೊದಲು ತಮ್ಮ ಅಧಿಕಾರದ ಮುದ್ರೆಯನ್ನೇ ತ್ಯಾಗಮಾಡಿ ಮಾದರಿಯಾಗಲಿ ಎಂದರು. ನೌಕಾದಳದ ಎಲ್ಲ ಹೊಣೆಯೂ ತನ್ನದೇ ಎಂದು ಚರ್ಚಿಲ್ ನಡುವೆ ಎದ್ದು ಹೇಳಿದಾಗ, ಸಹೋದ್ಯೋಗಿಗಳಿಗೆ ಬಾಂಬಿನ ಚೂರು ತಾಗದಂತೆ ಅವರು ತಮ್ಮನ್ನು ಆಶ್ರಯಗೂಡಾಗಿ ಬಳಸಿಕೊಳ್ಳಲು ಬಿಡಬಾರದು ಎಂದು ಎಚ್ಚರಿಸಿದರು. ಇದರಿಂದ ಚರ್ಚಿಲ್ ಅವರನ್ನು ಬಿಟ್ಟು ಉಳಿದವರನ್ನು ಹೊಡೆಯುವ ದಾರಿ ಸದನಕ್ಕೆ ತೆರೆದಂತಾಯಿತು. ರಾತ್ರಿ ಹತ್ತರ ನಂತರ ಸರ್ಕಾರದ ಪರವಾಗಿ ಕೊನೆಯ ಉತ್ತರ ಕೊಟ್ಟವರೂ ಚರ್ಚಿಲ್ ಅವರೇ; ಅವರು ತಮ್ಮ ನಾಯಕನನ್ನು ಪೂರ್ಣ ಮನಸ್ಸಿನಿಂದ ಸಮರ್ಥಿಸಿದರು ಎಂಬುದಕ್ಕೆ ಆ ಕೊನೆಯ ಗಳಿಗೆಗಳ ಗದ್ದಲವೇ ಸಾಕ್ಷಿ.

ಬ್ರಿಟಿಷ್ ಸಂಸತ್ತಿನಲ್ಲಿ ಮತ ಹಾಕುವುದೆಂದರೆ ಕೈ ಎತ್ತುವುದಲ್ಲ, ಗುಂಡಿ ಒತ್ತುವುದೂ ಅಲ್ಲ. ಸದಸ್ಯರು ಎದ್ದು ಪರ ಮತ್ತು ವಿರುದ್ಧ ಎಂಬ ಎರಡು ಮೊಗಸಾಲೆಗಳಲ್ಲಿ ಒಂದರ ಮೂಲಕ ನಡೆದುಹೋಗಬೇಕು, ಬಾಗಿಲಲ್ಲಿ ನಿಂತ ಎಣಿಕೆದಾರರು ತಲೆಗಳನ್ನು ಎಣಿಸುತ್ತಾರೆ, ಯಾರು ಯಾವ ಕಡೆ ನಡೆದರೆಂಬುದು ಹೆಸರುಗಳೊಂದಿಗೆ ಅಚ್ಚಾಗುತ್ತದೆ. ಲಾಬಿ ಎಂಬ ಹೆಸರಿನ ಈ ಮೊಗಸಾಲೆಗಳಲ್ಲಿ ಆ ರಾತ್ರಿ ಸರ್ಕಾರದ ಬೆಂಬಲಿಗರಲ್ಲಿ ಸುಮಾರು 40 ಮಂದಿ ಲೇಬರ್ ಸದಸ್ಯರ ಜೊತೆ ವಿರೋಧದ ಕಡೆಗೆ ನಡೆದರು, ಇನ್ನೂ ಹಲವರು ಯಾವ ಕಡೆಗೂ ಹೋಗದೆ ಕುಳಿತರು. ನಡೆದವರಲ್ಲಿ ಏಮರಿ, ಕೀಸ್, ಮ್ಯೂನಿಕ್ ಒಪ್ಪಂದವನ್ನು ಪ್ರತಿಭಟಿಸಿ ಸಚಿವ ಪದವಿ ತೊರೆದಿದ್ದ ಡಫ್ ಕೂಪರ್, ಮುಂದೆ ಪ್ರಧಾನಿಯಾದ ಹೆರಾಲ್ಡ್ ಮ್ಯಾಕ್‌ಮಿಲನ್ ಇದ್ದರು; ಕೆಳಮನೆಯಲ್ಲಿ ಕುಳಿತ ಮೊದಲ ಮಹಿಳೆ ನ್ಯಾನ್ಸಿ ಆಸ್ಟರ್ ಇದ್ದರು; 1938ರಲ್ಲಿ ಮ್ಯೂನಿಕ್ ಒಪ್ಪಂದವನ್ನು ಸಮರ್ಥಿಸಿಯೇ ಆಕ್ಸ್‌ಫರ್ಡ್ ಉಪಚುನಾವಣೆ ಗೆದ್ದಿದ್ದ ಕ್ವಿಂಟಿನ್ ಹಾಗ್ ಕೂಡ ಇದ್ದರು. ಅವರಲ್ಲಿ ಹಲವರು ಸೈನ್ಯದ ಸಮವಸ್ತ್ರದಲ್ಲಿದ್ದ ತರುಣರು, ತರಬೇತಿಯ ಕೊರತೆಯನ್ನೂ ಶಸ್ತ್ರಗಳ ಅಭಾವವನ್ನೂ ಶಿಬಿರಗಳಲ್ಲಿ ಕಣ್ಣಾರೆ ಕಂಡು ಬಂದವರು. ಎರಡು ತಿಂಗಳ ಹಿಂದಷ್ಟೇ ಸದಸ್ಯರಾಗಿದ್ದ 25 ವರ್ಷದ ಜಾನ್ ಪ್ರೊಫ್ಯೂಮೊ ವಿರುದ್ಧ ಮತ ಹಾಕಿದ್ದಕ್ಕೆ ಮಾರ್ಗೆಸನ್ ಅವರಿಂದ ಕೇಳಲಾಗದ ಬೈಗುಳ ಕೇಳಬೇಕಾಯಿತು. ಫಲಿತಾಂಶ ಓದಿದಾಗ 200ಕ್ಕೂ ಮೀರಿ ಇರಬೇಕಾಗಿದ್ದ ಅಂತರ 81ಕ್ಕೆ ಇಳಿದಿತ್ತು, ಮತ್ತು ಸದನದ ಒಂದು ಕಡೆಯಿಂದ ಹೋಗಿ, ಹೋಗಿ ಎಂಬ ಕೂಗು ಕೇಳಿಬರುತ್ತಿತ್ತು.

ಕಾನೂನಿನ ದೃಷ್ಟಿಯಿಂದ ಚೇಂಬರ್ಲೇನ್ ಅಂದು ರಾಜೀನಾಮೆ ಕೊಡಬೇಕಾಗಿರಲಿಲ್ಲ. ಬ್ರಿಟನ್ನಿನಲ್ಲಿ ಲಿಖಿತ ಸಂವಿಧಾನದ ಒಂದೇ ಗ್ರಂಥ ಇಲ್ಲ. ಸರ್ಕಾರ ಎಂದು ಹೋಗಬೇಕು ಎಂಬುದನ್ನು ಹೇಳುವುದು ಬಹುಮಟ್ಟಿಗೆ ಸಂಪ್ರದಾಯ. ಒಂದೇ ಒಂದು ಮತದಿಂದ ಸೋತು ಹೋದ ಸರ್ಕಾರಗಳಿವೆ: 1979ರ ಮಾರ್ಚ್ 28ರಂದು ಜೇಮ್ಸ್ ಕ್ಯಾಲಹನ್ ಅವರ ಸರ್ಕಾರ 310-311ರಲ್ಲಿ ಬಿದ್ದಿತು. ಅಲ್ಲಿ ಅಂಕಗಣಿತವೇ ತೀರ್ಪು ಕೊಟ್ಟಿತು. 1940ರಲ್ಲಿ ತೀರ್ಪು ಅಂಕಿಯ ಗಾತ್ರದಲ್ಲಿರಲಿಲ್ಲ, ಅದರೊಳಗೆ ಯಾರಿದ್ದರು ಎಂಬುದರಲ್ಲಿತ್ತು. ಸಮವಸ್ತ್ರದಲ್ಲಿದ್ದ ತನ್ನದೇ ಪಕ್ಷದ ಯುವಕರು ವಿರುದ್ಧ ಮತ ಹಾಕಿದ ಮೇಲೆ, ಲೇಬರ್ ಮತ್ತು ಕಾರ್ಮಿಕ ಸಂಘಗಳ ಸಹಕಾರವಿಲ್ಲದೆ ಕಾರ್ಖಾನೆಗಳನ್ನು ಯುದ್ಧಕ್ಕೆ ಹೂಡಲಾಗದು ಎಂಬುದು ಎಲ್ಲರಿಗೂ ತಿಳಿದಿದ್ದ ಮೇಲೆ, ಆ 81ರ ಅಂತರದಿಂದ ಯುದ್ಧ ನಡೆಸುವುದು ಸಾಧ್ಯವಿರಲಿಲ್ಲ.

ಭಾರತದ ಓದುಗರಿಗೆ ಈ ಘಟ್ಟ ಯೋಚನೆಗೆ ಹಚ್ಚುವಂಥದ್ದು, ಏಕೆಂದರೆ ನಮ್ಮ ಸಂಸತ್ತು ಮತ್ತು ವಿಧಾನಸಭೆಗಳು ಸಚೇತಕ, ವಿಶ್ವಾಸಮತ, ಮತವಿಭಜನೆ ಎಂಬ ಪದ್ಧತಿಗಳನ್ನು ಪಡೆದದ್ದು ಇದೇ ಸದನದಿಂದ. 1985ರಲ್ಲಿ 52ನೆಯ ತಿದ್ದುಪಡಿಯ ಮೂಲಕ ಸೇರಿಸಿದ ಸಂವಿಧಾನದ ಹತ್ತನೆಯ ಅನುಸೂಚಿಯ ಪ್ರಕಾರ, ಪಕ್ಷದ ಸಚೇತಕಾಜ್ಞೆಗೆ ವಿರುದ್ಧವಾಗಿ ಮತ ಹಾಕಿದ ಸದಸ್ಯ, ಪಕ್ಷ ಹದಿನೈದು ದಿನಗಳೊಳಗೆ ಅದನ್ನು ಮನ್ನಿಸದಿದ್ದರೆ, ಅನರ್ಹನಾಗುತ್ತಾನೆ. ಪದವಿಗಾಗಿ, ಹಣಕ್ಕಾಗಿ ಪಕ್ಷ ಬದಲಿಸುವ ಹಾವಳಿಯನ್ನು ತಡೆಯಲು ಬಂದ ಈ ಕಾನೂನಿನ ಹಿಂದಿನ ಸಂಕಟ ನಿಜವಾದದ್ದು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಅಂಥ ನಿಯಮ 1940ರ ಲಂಡನ್ನಿನಲ್ಲಿದ್ದಿದ್ದರೆ ಏಮರಿ, ಕೀಸ್, ಮ್ಯಾಕ್‌ಮಿಲನ್ ಎಲ್ಲರೂ ಸ್ಥಾನ ಕಳೆದುಕೊಳ್ಳುವ ಭಯದಲ್ಲಿ ಕೂರಬೇಕಾಗುತ್ತಿತ್ತು. ಅವರಲ್ಲಿ ಯಾರೂ ಅಂದು ಪಕ್ಷ ಬಿಟ್ಟಿರಲಿಲ್ಲ. ಒಂದು ರಾತ್ರಿ ತಮ್ಮ ನಾಯಕನ ವಿರುದ್ಧ ನಡೆದು, ಮರುದಿನ ಅದೇ ಸಾಲಿನಲ್ಲಿ ಬಂದು ಕುಳಿತರು. ಪಕ್ಷಾಂತರಕ್ಕೂ ಪಕ್ಷದೊಳಗಿನ ಭಿನ್ನಮತಕ್ಕೂ ಇರುವ ಈ ವ್ಯತ್ಯಾಸವನ್ನು ನಮ್ಮ ಕಾನೂನು ಗುರುತಿಸುವುದಿಲ್ಲ. ಕನಿಷ್ಠ ಸರ್ಕಾರದ ಅಳಿವು ಉಳಿವಿಗೆ ಸಂಬಂಧಿಸದ ಮತಗಳಲ್ಲಾದರೂ ಅದನ್ನು ಗುರುತಿಸಬೇಕಾಗಿದೆ.

ಗುರುವಾರ, ಮೇ 9ರಂದು, ಚರ್ಚೆ ಸದನದಿಂದ ಕೋಣೆಗಳಿಗೆ ಸರಿಯಿತು. ಸೈಮನ್ ಮತ್ತು ಹೋರ್ ಅವರನ್ನು ಕೈಬಿಡುವ ಸುಳಿವು ಕೊಟ್ಟು ಅತೃಪ್ತರನ್ನು ಒಲಿಸಿಕೊಳ್ಳುವ ಪ್ರಯತ್ನ ಪ್ರಧಾನಿಯ ಕಡೆಯಿಂದ ನಡೆಯಿತು, ಫಲಿಸಲಿಲ್ಲ. ಎಲ್ಲ ಪಕ್ಷಗಳ ಸರ್ಕಾರವೇ ಬೇಕು ಎಂದು ಅತೃಪ್ತರು ಪಟ್ಟುಹಿಡಿದರು. ಆ ಸಂಜೆ ಡೌನಿಂಗ್ ಬೀದಿಯ 10ನೆಯ ಮನೆಯಲ್ಲಿ ಚೇಂಬರ್ಲೇನ್, ವಿದೇಶಾಂಗ ಸಚಿವ ಲಾರ್ಡ್ ಹ್ಯಾಲಿಫ್ಯಾಕ್ಸ್, ಚರ್ಚಿಲ್ ಮತ್ತು ಮಾರ್ಗೆಸನ್ ಸೇರಿದರು. ಪಕ್ಷದ ಹೆಚ್ಚಿನವರಿಗೂ ದೊರೆಗೂ ಹ್ಯಾಲಿಫ್ಯಾಕ್ಸ್ ಬೇಕಾಗಿದ್ದರು, ಆದರೆ ಅವರು ಮೇಲ್ಮನೆಯ ಸದಸ್ಯರಾಗಿದ್ದರು. 1902ರ ನಂತರ ಮೇಲ್ಮನೆಯಿಂದ ಯಾರೂ ಪ್ರಧಾನಿಯಾಗಿರಲಿಲ್ಲ. ಸರ್ಕಾರವನ್ನು ಉಳಿಸುವ ಅಥವಾ ಉರುಳಿಸುವ ಸದನದಲ್ಲಿ ಕುಳಿತು ಉತ್ತರ ಕೊಡಲಾಗದ ಪ್ರಧಾನಿ ಬರಿಯ ಹೆಸರಿನ ಪ್ರಧಾನಿಯಾಗುತ್ತಾನೆ ಎಂದು ಹ್ಯಾಲಿಫ್ಯಾಕ್ಸ್ ತಾವೇ ಹಿಂದೆ ಸರಿದರು. ಸಚಿವ ಸಂಪುಟದಲ್ಲಿದ್ದ ಕಿಂಗ್ಸ್‌ಲೆ ವುಡ್, ಹ್ಯಾಲಿಫ್ಯಾಕ್ಸ್ ಹೆಸರು ಬಂದಾಗ ಒಪ್ಪಿಗೆ ಸೂಚಿಸದೆ ಮೌನವಾಗಿರಿ ಎಂದು ಚರ್ಚಿಲ್ ಅವರಿಗೆ ಮೊದಲೇ ಸಲಹೆ ಕೊಟ್ಟಿದ್ದರು. ಎಂಟು ವರ್ಷಗಳ ನಂತರ ಪ್ರಕಟವಾದ ತಮ್ಮ ನೆನಪುಗಳಲ್ಲಿ ಚರ್ಚಿಲ್ ಈ ಸಭೆಯ ದಿನವನ್ನೇ ತಪ್ಪಾಗಿ ಬರೆದಿದ್ದಾರೆ, ಆದ್ದರಿಂದ ಅಲ್ಲಿನ ದೀರ್ಘ ಮೌನದ ಬಗ್ಗೆ ಅವರು ಕೊಟ್ಟ ವರ್ಣನೆಯನ್ನು ಎಚ್ಚರದಿಂದ ಓದಬೇಕು. ಅದಾದ ಮೇಲೆ ಬಂದ ಅಟ್ಲಿ ಮತ್ತು ಆರ್ಥರ್ ಗ್ರೀನ್‌ವುಡ್ ಅವರಿಗೆ ಎರಡು ಪ್ರಶ್ನೆಗಳನ್ನು ಕೇಳಲಾಯಿತು: ಲೇಬರ್ ಪಕ್ಷ ಚೇಂಬರ್ಲೇನ್ ನಾಯಕತ್ವದ ಸರ್ಕಾರ ಸೇರುತ್ತದೆಯೇ, ಇಲ್ಲವಾದರೆ ಬೇರೊಬ್ಬರ ನಾಯಕತ್ವದಲ್ಲಿ ಸೇರುತ್ತದೆಯೇ. ಪಕ್ಷದ ಕಾರ್ಯಕಾರಿ ಸಮಿತಿಯನ್ನು ಕೇಳದೆ ಉತ್ತರಿಸಲಾಗದು ಎಂದ ಅವರು ವಾರ್ಷಿಕ ಸಮ್ಮೇಳನ ನಡೆಯಬೇಕಿದ್ದ ಬೋರ್ನ್‌ಮತ್‌ಗೆ ಹೊರಟರು.

ಶುಕ್ರವಾರ ಬೆಳಗಿನ ಜಾವ ಹಿಟ್ಲರ್ ಸೇನೆ ನೆದರ್ಲೆಂಡ್ಸ್, ಬೆಲ್ಜಿಯಂ ಮತ್ತು ಲಕ್ಸೆಂಬರ್ಗ್ ಮೇಲೆ ನುಗ್ಗಿತು. ಇಂಥ ವೇಳೆಯಲ್ಲಿ ತಾವು ಉಳಿಯುವುದೇ ಕರ್ತವ್ಯ ಎಂದು ಚೇಂಬರ್ಲೇನ್ ಅವರಿಗೆ ಕೆಲವು ಗಂಟೆ ಅನ್ನಿಸಿತು. ಬದಲಾವಣೆ ಈಗ ಇನ್ನೂ ತುರ್ತಾಯಿತು ಎಂದು ಅವರಿಗೆ ತಿಳಿಹೇಳಿದವರು, ಅವರ ಆಪ್ತರಾಗಿದ್ದ ಕಿಂಗ್ಸ್‌ಲೆ ವುಡ್. ಸಂಜೆಗೆ ಬೋರ್ನ್‌ಮತ್‌ನಿಂದ ದೂರವಾಣಿಯಲ್ಲಿ ಉತ್ತರ ಬಂತು: ಹೊಸ ಪ್ರಧಾನಿಯ ಅಡಿಯಲ್ಲಿ ಮಾತ್ರ ಸೇರುತ್ತೇವೆ. ಚೇಂಬರ್ಲೇನ್ ದೊರೆ ಆರನೆಯ ಜಾರ್ಜ್ ಅವರನ್ನು ಕಂಡು ಚರ್ಚಿಲ್ ಹೆಸರು ಸೂಚಿಸಿದರು. ಸೋಮವಾರ, ಮೇ 13ರಂದು ಸದನ ಹೊಸ ಸರ್ಕಾರಕ್ಕೆ 381 ಮತಗಳಿಂದ, ಒಂದೂ ವಿರೋಧವಿಲ್ಲದೆ, ವಿಶ್ವಾಸ ವ್ಯಕ್ತಪಡಿಸಿತು, ಆದರೆ ಅಂದು ಕನ್ಸರ್ವೇಟಿವ್ ಸಾಲುಗಳಿಂದ ದೊಡ್ಡ ಹರ್ಷೋದ್ಗಾರ ಸಿಕ್ಕಿದ್ದು ಚರ್ಚಿಲ್ ಅವರಿಗಲ್ಲ, ಚೇಂಬರ್ಲೇನ್ ಅವರಿಗೆ. ಪಕ್ಷದ ನಾಯಕರಾಗಿ ಉಳಿದ ಚೇಂಬರ್ಲೇನ್ ಐವರ ಯುದ್ಧ ಸಂಪುಟದಲ್ಲಿಯೂ ಇದ್ದರು. ಮೇ ತಿಂಗಳ ಕೊನೆಯಲ್ಲಿ, ಇಟಲಿಯ ಮೂಲಕ ಸಂಧಾನದ ದಾರಿ ಹುಡುಕೋಣ ಎಂದು ಹ್ಯಾಲಿಫ್ಯಾಕ್ಸ್ ವಾದಿಸಿದಾಗ, ಅವರು ಅಟ್ಲಿ ಮತ್ತು ಗ್ರೀನ್‌ವುಡ್ ಅವರಂತೆಯೇ ಕೊನೆಗೆ ಚರ್ಚಿಲ್ ಪರವಾಗಿ ನಿಂತರು. ಅದೇ ವರ್ಷದ ನವೆಂಬರ್ 9ರಂದು ತೀರಿಕೊಂಡ ಅವರ ಬದುಕಿನ ಈ ಕೊನೆಯ ಸೇವೆಯನ್ನು ಮ್ಯೂನಿಕ್ ನೆನಪಿನ ಅಬ್ಬರದಲ್ಲಿ ಮರೆಯುವುದು ಸರಿಯಲ್ಲ.

ಈ ವಾರದ ಪಾತ್ರಧಾರಿಗಳಲ್ಲಿ ಬಹುಪಾಲು ಜನ ಭಾರತದ ಸ್ವಾತಂತ್ರ್ಯ ಹೋರಾಟದ ಚರಿತ್ರೆಯನ್ನು ಓದಿದವರಿಗೆ ಪರಿಚಿತರೇ. ಜಾನ್ ಸೈಮನ್ ಎಂದರೆ 1928ರಲ್ಲಿ ಊರೂರಲ್ಲಿ ಕಪ್ಪು ಬಾವುಟ ಕಂಡ ಸೈಮನ್ ಆಯೋಗದ ಅಧ್ಯಕ್ಷ. ಅಟ್ಲಿ ಅದೇ ಆಯೋಗದ ಸದಸ್ಯ. ಸಾಮ್ಯುಯಲ್ ಹೋರ್ 1935ರ ಭಾರತ ಸರ್ಕಾರದ ಕಾಯ್ದೆಯನ್ನು ಸಂಸತ್ತಿನಲ್ಲಿ ಮುನ್ನಡೆಸಿದ ಸಚಿವ. ಹ್ಯಾಲಿಫ್ಯಾಕ್ಸ್ ಲಾರ್ಡ್ ಇರ್ವಿನ್ ಎಂಬ ಹೆಸರಿನಿಂದ ವೈಸರಾಯ್ ಆಗಿದ್ದು, 1931ರಲ್ಲಿ ಗಾಂಧೀಜಿಯವರೊಡನೆ ಒಪ್ಪಂದಕ್ಕೆ ಸಹಿ ಹಾಕಿದವರು. ಏಮರಿ ಹುಟ್ಟಿದ್ದೇ ಗೋರಖ್‌ಪುರದಲ್ಲಿ. ಚರ್ಚಿಲ್ ಸರ್ಕಾರದಲ್ಲಿ ಅವರು ಭಾರತ ಖಾತೆಯ ಸಚಿವರಾಗಿ 1945ರವರೆಗೂ ಮುಂದುವರಿದರು. 1940ರ ಆಗಸ್ಟ್ ಕೊಡುಗೆ, 1942ರ ಕ್ರಿಪ್ಸ್ ನಿಯೋಗದ ವೈಫಲ್ಯ, ಕ್ವಿಟ್ ಇಂಡಿಯಾ ಬಂಧನಗಳು, 1943ರ ಬಂಗಾಳದ ಬರಗಾಲ ಎಲ್ಲವೂ ಅವರ ಅಧಿಕಾರಾವಧಿಯಲ್ಲೇ ನಡೆದವು. ಹೊಣೆ ನಿರ್ವಹಿಸದ ಸರ್ಕಾರ ಹೊರಡಬೇಕು ಎಂಬ ತತ್ವವನ್ನು ಅಷ್ಟು ತೀಕ್ಷ್ಣವಾಗಿ ಹೇಳಿದ ವ್ಯಕ್ತಿ, ಅದೇ ಮಾತನ್ನು ಭಾರತೀಯರು 1942ರ ಆಗಸ್ಟ್‌ನಲ್ಲಿ ಬ್ರಿಟಿಷ್ ಆಡಳಿತಕ್ಕೆ ಹೇಳಿದಾಗ ಕಾಂಗ್ರೆಸ್ ನಾಯಕರ ಬಂಧನವನ್ನು ಸಮರ್ಥಿಸಿದರು. ಭಾರತವನ್ನು ಯುದ್ಧಕ್ಕೆ ಸೇರಿಸಿದ ಘೋಷಣೆಯನ್ನು ವೈಸರಾಯ್ ಲಿನ್‌ಲಿಥ್‌ಗೋ 1939ರ ಸೆಪ್ಟೆಂಬರ್ 3ರಂದು ಇಲ್ಲಿನ ಶಾಸನಸಭೆಯನ್ನು ಕೇಳದೆಯೇ ಹೊರಡಿಸಿದ್ದರು, ಅದನ್ನು ಪ್ರತಿಭಟಿಸಿ ಆ ವರ್ಷದ ಕೊನೆಯ ಹೊತ್ತಿಗೆ ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟಿದ್ದವು. ಬ್ರಿಟನ್ನಿನ ಯುದ್ಧವನ್ನು ಯಾರು ನಡೆಸಬೇಕೆಂದು 481 ಸದಸ್ಯರು ಮತ ಹಾಕಿದ ಆ ರಾತ್ರಿ, ಅದೇ ಯುದ್ಧಕ್ಕೆ ಮುಂದೆ 20 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕೊಟ್ಟ ದೇಶದಿಂದ ಚುನಾಯಿತನಾದ ಒಬ್ಬ ಪ್ರತಿನಿಧಿಗೂ ಆ ಮೊಗಸಾಲೆಗಳಲ್ಲಿ ನಡೆಯುವ ಹಕ್ಕಿರಲಿಲ್ಲ.